ನಿಂತ ನೀರಿನ ಲಾರ್ವಾಗಳಿಗೆ ಬೇವಿನ ಬೀಜದ ಕಷಾಯ

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯು ಕೊಳಚೆ ಚರಂಡಿಗಿಂತ ಮನೆಯ ಸುತ್ತ ಸಂಗ್ರಹವಾದ ತಿಳಿನೀರಿನಲ್ಲಿಯೇ ಹೆಚ್ಚಾಗಿ ಬೆಳೆಯುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಮಳೆ ಶುರುವಾದೊಡನೆ ಹೂಕುಂಡದ ತಟ್ಟೆ, ಹಳೆಯ ಟೈರು, ಎಳನೀರಿನ ಬುರುಡೆಗಳಲ್ಲಿ ನಿಂತ ನೀರನ್ನು ಚೆಲ್ಲಿ, ಪಾತ್ರೆಗಳ ಒಳಭಾಗವನ್ನು ತೆಂಗಿನ ನಾರಿನಿಂದ ಉಜ್ಜಬೇಕು; ಅಲ್ಲಿ ಅಂಟಿಕೊಂಡ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಲಾರ್ವಾಗಳನ್ನು, ಅಂದರೆ ನೀರಿನಲ್ಲಿರುವ ಸೊಳ್ಳೆಯ ಮರಿಹುಳುಗಳನ್ನು, ತಡೆಯುವ ಬೇವಿನ ಬೀಜದ ಕಷಾಯ ಬೇಕಾಗುವುದು ಸುಲಭವಾಗಿ ಚೆಲ್ಲಲಾಗದ ನೀರಿಗೆ, ಅಂದರೆ ಕಟ್ಟುತ್ತಿರುವ ಮನೆಯ ಲಿಫ್ಟ್ ಗುಂಡಿ, ಗಿಡಗಳಿಗೆಂದು ತುಂಬಿಸಿಟ್ಟ ಡ್ರಮ್ಮು ಮುಂತಾದವಕ್ಕೆ.

ನೆರಳಿನಲ್ಲಿ ಒಣಗಿಸಿದ, ಬೂಷ್ಟು ಹಿಡಿಯದ ಬೇವಿನ ಬೀಜದ ಸಿಪ್ಪೆ ತೆಗೆದು, 50 ಗ್ರಾಂ ತಿರುಳನ್ನು ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ ಗಂಟನ್ನು ಹಾಲಿನಂತಹ ರಸ ಇಳಿಯುವವರೆಗೆ ಹಿಂಡಿ, ತೆಳುಬಟ್ಟೆಯಲ್ಲಿ ಎರಡು ಬಾರಿ ಸೋಸಬೇಕು. ಈ ಸೋಸುವಿಕೆಯಲ್ಲಿ ಅವಸರ ಸಲ್ಲದು, ಏಕೆಂದರೆ ಉಳಿದ ಹಿಟ್ಟು ಕೊಳೆತರೆ ಅದೇ ಲಾರ್ವಾಗಳಿಗೆ ಮೇವಾಗಿ, ಮೊಟ್ಟೆಯಿಡುವ ಸೊಳ್ಳೆಗಳನ್ನೂ ಸೆಳೆಯಬಹುದು. ಇದನ್ನು ಕುದಿಸಬಾರದು, ಬಿಸಿಲಿನಲ್ಲಿಡಬಾರದು. ಬೇವಿನ ಮುಖ್ಯ ಸತ್ವವಾದ ಅಜಾಡಿರಾಕ್ಟಿನ್ ಬಿಸಿಗೂ ಬೆಳಕಿಗೂ ಕೆಡುತ್ತದೆ.

ಪ್ರಮಾಣವನ್ನು ಊಹಿಸುವ ಬದಲು ಪರೀಕ್ಷಿಸಿಕೊಳ್ಳುವುದು ಲೇಸು. ಗುಂಡಿಯ ಅಥವಾ ಡ್ರಮ್ಮಿನ ನೀರನ್ನೇ ಲಾರ್ವಾಗಳ ಸಮೇತ ಎರಡು ಗಾಜಿನ ಲೋಟಗಳಿಗೆ ತುಂಬಿ, ಒಂದಕ್ಕೆ ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ಕಷಾಯ ಬೆರೆಸಿ, ಎರಡನ್ನೂ ಬಟ್ಟೆಯಿಂದ ಮುಚ್ಚಿಡಬೇಕು. ಮರುದಿನವೇ ಹುಳುಗಳು ಸಾಯಲಿಲ್ಲವೆಂದು ಕೈಬಿಡಬಾರದು. ಬೇವು ಮುಖ್ಯವಾಗಿ ಅವು ಪೊರೆ ಬಿಡುವುದನ್ನು ಕೆಡಿಸುತ್ತದೆ, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಲಾರ್ವಾ ಸೊಳ್ಳೆಯಾಗುವ ಮುನ್ನಿನ ಹಂತವಾದ, ಅಲ್ಪವಿರಾಮದಂತೆ ಬಾಗಿದ ಕೋಶಗಳು (ಪ್ಯೂಪಾ) ಆಹಾರ ತಿನ್ನುವುದಿಲ್ಲವಾದ್ದರಿಂದ ಅವುಗಳ ಮೇಲೆ ಕಷಾಯವನ್ನು ನೆಚ್ಚಬಾರದು. ಜಾಲರಿಯಿಂದ ಎತ್ತಿ ಒಣನೆಲಕ್ಕೆ ಸುರಿಯಬೇಕು.

ಪರಿಣಾಮ ಕಂಡ ಪ್ರಮಾಣವನ್ನೇ ಸಂಜೆಯ ಹೊತ್ತು ಗುಂಡಿಗೆ ಬೆರೆಸಿ, ವಾರಕ್ಕೊಮ್ಮೆ, ಜೋರು ಮಳೆಯಾದರೆ ಇನ್ನೂ ಬೇಗ, ಹೊಸದಾಗಿ ತಯಾರಿಸಿ ಹಾಕಬೇಕು. ಲಾರ್ವಾ ಮತ್ತೆ ಕಂಡರೆ ನೀರನ್ನು ಪಂಪಿನಿಂದ ಹೊರಹಾಕುವುದೇ ಸರಿ. ಮೀನಿರುವ ಕೊಳಕ್ಕೆ ಇದನ್ನು ಸುರಿಯಬಾರದು. ಅಲ್ಲಿ ಗಪ್ಪಿ ಮೀನುಗಳೇ ಆ ಕೆಲಸ ಮಾಡುತ್ತವೆ. ಕುಡಿಯುವ ನೀರಿನ ಸಂಪಿಗಂತೂ ಕಷಾಯವೇ ಬೇಡ, ಸಂದಿಯಿಲ್ಲದ ಮುಚ್ಚಳ ಹಾಕಿ, ಗಾಳಿಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಬೇಕು.