ಮಾಕ್ ಸಿಇಟಿ ಅಂಕವನ್ನು ನಾನು ಸೋಸುವ ಬಗೆ

ಅಂಕೋಲಾ ಕಡೆಯ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಸಿಇಟಿ ಪ್ರವೇಶ ಪರೀಕ್ಷೆಯ ಅಭ್ಯಾಸಕ್ಕೆ ಮಾಕ್ ಟೆಸ್ಟ್ ಶುರುವಾದರೆ ಪಾಲಕರದ್ದು ಒಂದೇ ಪ್ರಶ್ನೆ: ‘ಅಕ್ಕೋರೇ, ತೊಂಬತ್ತು ಬಂದದೆ, ಮಾಜಾಳಿ ಎಂಜಿನಿಯರಿಂಗ್ ಕಾಲೇಜು ಸಿಗ್ತದಾ?’

ಮೊದಲು ಆ ತೊಂಬತ್ತನ್ನು ಸೋಸಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ (ಪಿಸಿಎಂ) ಮೂರಕ್ಕೆ ತಲಾ 60ರಂತೆ ಒಟ್ಟು 180 ಪ್ರಶ್ನೆ, ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಡಿತ ಇಲ್ಲ. ಏನೂ ಓದದವನು ಕಣ್ಣು ಮುಚ್ಚಿ ಒಎಂಆರ್ ಉತ್ತರ ಹಾಳೆ ತುಂಬಿದರೂ ಸರಾಸರಿ 45 ಬೀಳುತ್ತದೆ. 90 ತೆಗೆದವನಿಗೆ ಗೊತ್ತಿರುವುದು 60ರ ಆಸುಪಾಸು. ಉಳಿದ 120ನ್ನು ಅಂದಾಜಿನಲ್ಲಿ ತುಂಬಿ 30 ಗಿಟ್ಟಿಸಿರುತ್ತಾನೆ. ಆ 30 ಮುಂದಿನ ಸಲ 25 ಆದೀತು, 35 ಆದೀತು.

ಅದಕ್ಕೇ ಅಂದಾಜಿನಲ್ಲಿ ಗುರುತು ಹಾಕಿದ ಪ್ರಶ್ನೆಯ ಪಕ್ಕ ಪೆನ್ಸಿಲ್ ಚುಕ್ಕೆ ಇಡಿಸುತ್ತೇನೆ. ತಿದ್ದುವಾಗ ಚುಕ್ಕೆಯಿಲ್ಲದ ಸರಿ ಉತ್ತರಗಳನ್ನು ಬೇರೆ ಎಣಿಸುತ್ತೇನೆ. ಒಟ್ಟು ಅಂಕ ಕುಣಿದಷ್ಟು ಈ ಲೆಕ್ಕ ಕುಣಿಯುವುದಿಲ್ಲ. ಚುಕ್ಕೆಯಿಲ್ಲದೆಯೂ ತಪ್ಪಾದವು ಬೇರೆಯೇ ಕಾಯಿಲೆ. ಹುಡುಗಿಯೊಬ್ಬಳ ಪತ್ರಿಕೆಯಲ್ಲಿ ಅಂಥವೆಲ್ಲ ಒಂದೇ ಪಾಠದಲ್ಲಿ ಗುಂಪಾಗಿದ್ದವು: ಲೆಂಜ್ ನಿಯಮದಲ್ಲಿ ಪ್ರೇರಿತ ವಿದ್ಯುತ್ತಿನ ದಿಕ್ಕನ್ನು ಪ್ರತಿ ಸಲವೂ ಉಲ್ಟಾ ಹಿಡಿಯುತ್ತಿದ್ದಳು, ಅದೂ ಪೂರ್ತಿ ಧೈರ್ಯದಿಂದ!

ಹಳೆಯ ಪತ್ರಿಕೆಯಲ್ಲಿ ಬಂದ ಅಂಕವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಟ್ಯೂಶನ್‌ನಲ್ಲಿ ಬಿಡಿಸಿ ಆಗಿರುತ್ತದೆ. ಮನೆಯಲ್ಲಿ ಎರಡು ತಾಸು ತೆಗೆದುಕೊಂಡು ಬರೆದದ್ದೂ ಅಷ್ಟೇ. ನಿಜವಾದ ಪರೀಕ್ಷೆಯಲ್ಲಿ 60 ಪ್ರಶ್ನೆಗೆ ಸಿಗುವುದು 80 ನಿಮಿಷ.

ಒಮ್ಮೆಲೇ ಜಿಗಿದ ಅಂಕ ಮುಂದಿನ ಟೆಸ್ಟಿನಲ್ಲಿ ಇಳಿಯುವುದೇ ಜಾಸ್ತಿ. ಮಗ ಮೊಬೈಲ್ ಹಿಡಿದು ಕೆಟ್ಟ ಎಂದು ಅಪ್ಪಂದಿರು ಬೈಯಲು ಬರುತ್ತಾರೆ. ಇರಬಹುದು, ಆದರೆ ಅಂದಾಜು ಪ್ರತಿ ಸಲ ಕೈಹಿಡಿಯುವುದಿಲ್ಲ ಎಂಬುದೇ ಹೆಚ್ಚಿನ ಸಲ ಕಾರಣ. ಹಾಗಾಗಿ ಕೊನೆಯ ಕೆಲವು ಟೆಸ್ಟುಗಳ ಸರಾಸರಿಯನ್ನು ಮಾತ್ರ ನೋಡುತ್ತೇನೆ.

ಇಷ್ಟಾದರೂ ರ‍್ಯಾಂಕ್ ಹೇಳಲಾಗದು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ದ್ವಿತೀಯ ಪಿಯುಸಿಯ ಪಿಸಿಎಂ ಅಂಕ ಅರ್ಧ. ಮೇಲಾಗಿ ಪತ್ರಿಕೆ ಸುಲಭವಾದರೆ ಎಲ್ಲರಿಗೂ ಅಂಕ ಏರುತ್ತದೆ. ನೀಟ್ ನೋಡಿ: 2024ರ ಪರಿಷ್ಕೃತ ಫಲಿತಾಂಶದಲ್ಲೂ 17 ಮಂದಿಗೆ 720ಕ್ಕೆ 720, 2025ರಲ್ಲಿ ಮೊದಲ ರ‍್ಯಾಂಕಿಗೇ 686.

ಪಾಲಕರಿಗೆ ಹೇಳುವುದು ಇಷ್ಟೇ: ಅಂಕ 85ರಿಂದ 95ರ ನಡುವೆ ಬಂದೀತು, ಪಿಯು ಪರೀಕ್ಷೆ ಮುಗಿಯುವವರೆಗೆ ಬೋರ್ಡ್ ಪಠ್ಯದ ಓದು ತಪ್ಪಿಸಬೇಡಿ, ಸಿಇಟಿ ನಡೆಸುವ ಕೆಇಎಯ ಹಿಂದಿನ ವರ್ಷದ ಕಟ್‌ಆಫ್ ನೋಡಿ ಬೇಕಾದ ಕಾಲೇಜುಗಳ ಆಪ್ಶನ್ ಪಟ್ಟಿ ಉದ್ದ ಮಾಡಿ.