ಬೆಳಿಗ್ಗೆ 5:30ಕ್ಕೆ ರನ್‌ವೇ ವಾಪಸ್ ಕೊಡಬೇಕು

ರಾತ್ರಿ 11:30ಕ್ಕೆ ರನ್‌ವೇ ನಮ್ಮ ಕೈಗೆ ಬರುತ್ತಿತ್ತು. ಬೆಳಿಗ್ಗೆ 5:30ಕ್ಕೆ ವಾಪಸ್ ಕೊಡಬೇಕಿತ್ತು. ಆ 6 ಗಂಟೆಯಲ್ಲಿ ವಿಮಾನದ ಟೈರಿನ ರಬ್ಬರು ಹಿಡಿದ ಹಳೆ ಮೇಲ್ಮೈಯನ್ನು ತೆಳ್ಳಗೆ ಕೆರೆದು, ಅದರ ಮೇಲೆ 5 ಸೆಂಟಿಮೀಟರ್ ಹೊಸ ಡಾಂಬರು ಹಾಕಿ, ರೋಲರ್ ಓಡಿಸಿ, ತಣಿಸಿ, ಬಿಳಿ ಗೆರೆ ಎಳೆದು, ಗುಡಿಸಿ, ಕೊನೆಯ ಮನುಷ್ಯನೂ ಹೊರಗೆ ಬರಬೇಕು. ಅದೇ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ವಿಮಾನ ಇಳಿಯುತ್ತದೆ. ಮರುದಿನ ರಾತ್ರಿ ಮತ್ತೆ ಇದೇ. ಎರಡೂವರೆ ತಿಂಗಳು ಗುತ್ತಿಗೆದಾರರ ಕಡೆಯ ಸೈಟ್ ಎಂಜಿನಿಯರ್ ಆಗಿ ಈ ಕೆಲಸ ಮಾಡಿದೆ. ಮೊದಲ ಸಲ ಇಂಥ ಕೆಲಸಕ್ಕೆ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಇಷ್ಟು ಕಷ್ಟ ಯಾಕೆ, ಒಂದು ತಿಂಗಳು ಪೂರ್ತಿ ಮುಚ್ಚಿ ಮಾಡಿಬಿಡಬಹುದಲ್ವಾ? ಕೆಲವು ಕಡೆ ಹಾಗೂ ಮಾಡುತ್ತಾರೆ. ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ 2010ರಲ್ಲಿ ಅತಿ ಉದ್ದದ ರನ್‌ವೇಯನ್ನು ಸುಮಾರು 4 ತಿಂಗಳು ಮುಚ್ಚಿ ಕಾಂಕ್ರೀಟಿನಲ್ಲಿ ಕಟ್ಟಿದರು. ದುಬೈಯಲ್ಲಿ 2022ರ ಮೇ 9ರಿಂದ ಜೂನ್ 22ರವರೆಗೆ, ಅಂದರೆ 45 ದಿನ, ಉತ್ತರದ ರನ್‌ವೇ ಮುಚ್ಚಿ ಎಷ್ಟೋ ವಿಮಾನಗಳನ್ನು ಇನ್ನೊಂದು ನಿಲ್ದಾಣಕ್ಕೆ ಕಳಿಸಿದರು. ಜೆಎಫ್‌ಕೆಗೆ ಇನ್ನೂ ಮೂರು ರನ್‌ವೇ ಇದ್ದವು. ದುಬೈಗೆ ಅದೇ ಊರಿನಲ್ಲಿ ಎರಡನೇ ನಿಲ್ದಾಣ ಇತ್ತು. ನಮ್ಮಲ್ಲಿ ಇದ್ದದ್ದು ಅಕ್ಕಪಕ್ಕದ ಎರಡೇ ರನ್‌ವೇ, ಹಗಲು ಹೊತ್ತು ಎರಡೂ ತುಂಬಿರುತ್ತಿದ್ದವು. ಇನ್ನೊಂದು ಕಾರಣ ಸಾಮಗ್ರಿಯದ್ದು. ಕಾಂಕ್ರೀಟ್ ಗಟ್ಟಿಯಾಗಲು ದಿನಗಳು ಬೇಕು. ಡಾಂಬರು ತಣ್ಣಗಾದರೆ ಸಾಕು, ಅದೇ ಬೆಳಿಗ್ಗೆ ಭಾರ ಹೊರುತ್ತದೆ. ರಾತ್ರಿ ಕೆಲಸ ಸಾಧ್ಯವಾಗುವುದೇ ಅದರಿಂದ.

ನಾನು ಮೊದಲ ವಾರ ಕಲಿತದ್ದು ಗಂಟೆಯನ್ನು ಹಿಂದಿನಿಂದ ಎಣಿಸುವುದನ್ನು. ರಸ್ತೆ ಕೆಲಸದಲ್ಲಿ ನಾವು ಇವತ್ತು ಎಷ್ಟು ಮೀಟರ್ ಆಗುತ್ತದೆ ಅಂತ ಮುಂದಕ್ಕೆ ಲೆಕ್ಕ ಹಾಕುತ್ತೇವೆ. ಇಲ್ಲಿ 5:30ರಿಂದ ಶುರು ಮಾಡಬೇಕು. 5 ಗಂಟೆಗೆ ನಿಲ್ದಾಣದ ಅಧಿಕಾರಿಗಳ ಜೊತೆ ಜಂಟಿ ತಪಾಸಣೆ. ಅದಕ್ಕೆ ಮೊದಲು ಅರ್ಧ ಗಂಟೆ ಗುಡಿಸುವುದು. ಅದಕ್ಕೆ ಮೊದಲು ಗೆರೆ ಎಳೆಯುವುದು, ತಣಿಸುವುದು. ಕೊನೆಯ ರೋಲರ್ 3:45ಕ್ಕೆ ನಿಲ್ಲಬೇಕು, ಹಾಗಾದರೆ ಕೊನೆಯ ಟಿಪ್ಪರ್ 3:15ಕ್ಕೆ ಖಾಲಿ ಆಗಿರಬೇಕು. ಹೀಗೆ ಹಿಂದೆ ಹೋಗುತ್ತಾ ಹೋದರೆ ಡಾಂಬರು ಹಾಕಲು ಸಿಗುವುದು ಎರಡೂವರೆ ಗಂಟೆ ಅಷ್ಟೆ. ರನ್‌ವೇ ಅಗಲ 45 ಮೀಟರ್. ಒಂದು ರಾತ್ರಿಗೆ 100 ಮೀಟರ್ ಉದ್ದ ಅಂದುಕೊಂಡರೆ 225 ಘನ ಮೀಟರ್, ತೂಕದಲ್ಲಿ ಸುಮಾರು 540 ಟನ್. ಎರಡೂವರೆ ಗಂಟೆಯಲ್ಲಿ 540 ಟನ್ ಹಾಕಲು ಬಿಸಿ ಡಾಂಬರು ಕಲಸಿಕೊಡುವ ಒಂದು ಹಾಟ್ ಮಿಕ್ಸ್ ಪ್ಲಾಂಟ್ ನಂಬಿಕೊಂಡರೆ ಆಗಲ್ಲ. ನಾವು ಎರಡು ಪ್ಲಾಂಟ್ ಇಟ್ಟುಕೊಂಡಿದ್ದೆವು. ಡಾಂಬರು ಹಾಸುವ ಮೂರು ಪೇವರ್ ಯಂತ್ರ ಒಂದರ ಹಿಂದೆ ಒಂದು ಓರೆಯಾಗಿ ಓಡುತ್ತಿದ್ದವು, ಪಕ್ಕದ ಪಟ್ಟಿ ಬಿಸಿ ಇರುವಾಗಲೇ ಮುಂದಿನದು ಬಂದು ಸೇರಬೇಕು ಅಂತ. ನಾಲ್ಕನೇ ಪೇವರ್ ಎಂಜಿನ್ ಆನ್ ಮಾಡಿಕೊಂಡು ಸುಮ್ನೆ ನಿಂತಿರುತ್ತಿತ್ತು. ಖರ್ಚು ಅಂತ ಅದನ್ನು ತೆಗೆಸಲು ಒಮ್ಮೆ ಮಾತು ಬಂದಿತ್ತು, ನಾನು ಒಪ್ಪಲಿಲ್ಲ. ಮೂರನೇ ವಾರದಲ್ಲಿ ಅದು ಬೇಕಾಯಿತು.

ಮೊದಲ ರಾತ್ರಿಗಳಲ್ಲಿ ನಾವು 60 ಮೀಟರ್ ಮೀರಲಿಲ್ಲ. ಅದು ಸರಿಯಾದ ನಿರ್ಧಾರ ಅಂತ ಈಗಲೂ ಹೇಳುತ್ತೇನೆ. ಇನ್ನೊಂದು ನಿಯಮವನ್ನೂ ಹಾಕಿಕೊಂಡಿದ್ದೆವು. 1:30 ಆದ ಮೇಲೆ ಮಿಲ್ಲಿಂಗ್ ಯಂತ್ರ ಒಂದು ಅಡಿಯನ್ನೂ ಕೆರೆಯಬಾರದು, ಆಪರೇಟರ್ ಎಷ್ಟೇ ಹುರುಪಿನಲ್ಲಿದ್ದರೂ. ಕೆರೆದ ಜಾಗವನ್ನು ಮುಚ್ಚಲು ಆಗದಿದ್ದರೆ ಬೆಳಿಗ್ಗೆ ಯಾರಿಗೂ ಉತ್ತರ ಕೊಡಲು ಆಗುವುದಿಲ್ಲ.

ಈಗ ರ‍್ಯಾಂಪ್ ವಿಷಯ. ಹೊರಗಿನವರಿಗೆ ಇದು ಗೊತ್ತೇ ಇರುವುದಿಲ್ಲ. ರಾತ್ರಿ ಕೆಲಸ ಮುಗಿದಾಗ ಹೊಸ ಪದರ 5 ಸೆಂಟಿಮೀಟರ್ ಮೇಲೆ, ಹಳೆಯದು ಕೆಳಗೆ. ಆ ಮೆಟ್ಟಿಲನ್ನು ಹಾಗೇ ಬಿಟ್ಟರೆ ಓಡುತ್ತಿರುವ ವಿಮಾನದ ಚಕ್ರಕ್ಕೆ ಏನಾಗಬಹುದು ಯೋಚಿಸಿ. ಅದಕ್ಕೆ ಪ್ರತಿ ಬೆಳಿಗ್ಗೆ ತಾತ್ಕಾಲಿಕ ಇಳಿಜಾರು ಮಾಡಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೋದ 14ನೇ ಅನುಬಂಧದ ಪ್ರಕಾರ 5 ಸೆಂಟಿಮೀಟರ್‌ವರೆಗಿನ ಪದರಕ್ಕೆ ಇಳಿಜಾರು ಶೇ. 0.5ರಿಂದ 1 ಇರಬೇಕು. 5 ದಾಟಿದರೆ ಶೇ. 0.5 ಮೀರಬಾರದು. ಶೇ. 1 ಇಟ್ಟರೆ ರ‍್ಯಾಂಪ್ 5 ಮೀಟರ್ ಉದ್ದ, ಶೇ. 0.5 ಇಟ್ಟರೆ 10 ಮೀಟರ್. ನಾವು 10 ಮೀಟರ್ ಇಡುತ್ತಿದ್ದೆವು. ಹೊಸ ಪದರವನ್ನು ಪ್ರತಿ ಸಲವೂ ಪೂರ್ತಿ ಅಗಲಕ್ಕೆ ಹಾಕಬೇಕು, ಅರ್ಧ ಅಗಲ ಈ ರಾತ್ರಿ, ಇನ್ನರ್ಧ ನಾಳೆ ಅನ್ನುವ ಹಾಗಿಲ್ಲ. ಕೆಲಸ ಯಾವ ತುದಿಯಿಂದ ಶುರು ಮಾಡುವುದು ಅನ್ನುವುದಕ್ಕೂ ಕಾರಣ ಇದೆ. ವಿಮಾನಗಳು ಜಾಸ್ತಿ ಓಡುವ ದಿಕ್ಕಿನಲ್ಲೇ ನಾವೂ ಮುಂದೆ ಹೋಗುತ್ತಿದ್ದೆವು, ಆಗ ಚಕ್ರ ರ‍್ಯಾಂಪನ್ನು ಹತ್ತುವುದಿಲ್ಲ, ಇಳಿಯುತ್ತದೆ.

ಮಾಡಿದ ರ‍್ಯಾಂಪನ್ನು ಮರುರಾತ್ರಿ ಮೊದಲು ಕಡಿದು ತೆಗೆಯಬೇಕು, ಇಲ್ಲದಿದ್ದರೆ ತೆಳು ಅಂಚಿನ ಮೇಲೆ ಹೊಸ ಡಾಂಬರು ಕೂತು ಕೆಲವೇ ತಿಂಗಳಲ್ಲಿ ಕಿತ್ತು ಬರುತ್ತದೆ. ನಮ್ಮ ಹುಡುಗರಿಗೆ ಇದು ಬೇಸರದ ಕೆಲಸ. ನಿನ್ನೆ ಬೆವರು ಸುರಿಸಿ ಸಪಾಟು ಮಾಡಿದ್ದನ್ನು ಇವತ್ತು ಅವರೇ ಕಡಿಯಬೇಕು. ನಾನು ಅವರಿಗೆ ಒಂದು ದಿನ ಹಗಲಿನಲ್ಲಿ ಬೇಲಿಯ ಹೊರಗಿನಿಂದ, ಆ ಇಳಿಜಾರನ್ನು ದಾಟಿ ಹೋಗುವ ವಿಮಾನಗಳನ್ನು ತೋರಿಸಿದೆ. ಆಮೇಲೆ ಯಾರೂ ರ‍್ಯಾಂಪಿನ ಅಳತೆಯಲ್ಲಿ ಅವಸರ ಮಾಡಲಿಲ್ಲ.

ಕಾಗದದ ಕೆಲಸ ಕಡಿಮೆ ಅಂದುಕೊಳ್ಳಬೇಡಿ. ಮುಚ್ಚುವ ಸಮಯ ಪೈಲಟ್‌ಗಳಿಗೆ ನೋಟಾಮ್ ಅನ್ನುವ ಅಧಿಕೃತ ಸೂಚನೆಯ ಮೂಲಕ ಹೋಗುತ್ತದೆ. ದೊಡ್ಡ ಬದಲಾವಣೆ ಇದ್ದರೆ 28 ದಿನಕ್ಕೊಮ್ಮೆ ಬರುವ, ವಿಮಾನಯಾನ ಮಾಹಿತಿ ಬದಲಿಸಲು ಜಗತ್ತಿಗೆಲ್ಲ ಒಂದೇ ಆದ ಏರ್ಯಾಕ್ ದಿನಾಂಕಗಳಿಗೆ ಹೊಂದಿಸಿ ಬಹಳ ಮೊದಲೇ ಕೊಡಬೇಕು. ನೋಟಾಮ್‌ನಲ್ಲಿ ಸಮಯ ಯಾವಾಗಲೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಎಲ್ಲ ಸೇರಿ 10 ಅಂಕಿ. ನಮ್ಮ ಗಡಿಯಾರ ಯುಟಿಸಿಗಿಂತ ಮುಂದೆ ಇತ್ತು, ನಮ್ಮ ಬೆಳಗಿನ ಜಾವ ಯುಟಿಸಿಯಲ್ಲಿ ಇನ್ನೂ ಹಿಂದಿನ ತಾರೀಕು. ಒಂದು ಕರಡಿನಲ್ಲಿ ಮುಗಿಯುವ ತಾರೀಕನ್ನು ನಮ್ಮ ಕ್ಯಾಲೆಂಡರ್ ನೋಡಿ ಬರೆದಿದ್ದರು. ಓದಿದರೆ 6 ಗಂಟೆ ಬದಲು 30 ಗಂಟೆ ರನ್‌ವೇ ಮುಚ್ಚಿದೆ ಅಂತ ಅರ್ಥ ಬರುತ್ತಿತ್ತು. ಕಳಿಸುವ ಮುಂಚೆ ಇಬ್ಬರು ಕೂತು ಜೋರಾಗಿ ಓದುವ ಪದ್ಧತಿ ಇಟ್ಟುಕೊಂಡಿದ್ದಕ್ಕೆ ಸಿಕ್ಕಿಬಿತ್ತು.

ಕಾಗದದಲ್ಲಿ ಮುಚ್ಚಿದರೆ ಸಾಲದು, ನೆಲದ ಮೇಲೂ ಮುಚ್ಚಿದ ಹಾಗೆ ಕಾಣಬೇಕು. 2000ದ ಅಕ್ಟೋಬರ್ 31ರ ರಾತ್ರಿ ತೈಪೆಯಲ್ಲಿ ಸಿಂಗಪುರ್ ಏರ್‌ಲೈನ್ಸ್‌ನ ಬೋಯಿಂಗ್ 747 ಒಂದು 05ಎಲ್ ರನ್‌ವೇಗೆ ಹೋಗುವ ಬದಲು ಪಕ್ಕದ 05ಆರ್‌ಗೆ ತಿರುಗಿತು. ಚಂಡಮಾರುತದ ಮಳೆ, ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. 05ಆರ್‌ನ ನಡುವಿನ ಭಾಗ ಕೆಲಸಕ್ಕೆ ಮುಚ್ಚಿತ್ತು, ಆದರೆ ಉಳಿದ ಭಾಗದಲ್ಲಿ ವಿಮಾನಗಳು ಟ್ಯಾಕ್ಸಿ ಮಾಡುತ್ತಿದ್ದರಿಂದ, ಅಂದರೆ ನೆಲದ ಮೇಲೆ ನಿಧಾನವಾಗಿ ಓಡಾಡುತ್ತಿದ್ದರಿಂದ, ಶುರುವಿನಲ್ಲಿ ಮುಚ್ಚಿದ ಗುರುತು ಇರಲಿಲ್ಲ. ವಿಮಾನ ವೇಗವಾಗಿ ಹೋಗಿ ಕಾಂಕ್ರೀಟ್ ತಡೆಗಳಿಗೆ, ನಿಲ್ಲಿಸಿದ್ದ ಯಂತ್ರಗಳಿಗೆ ಬಡಿಯಿತು. 179 ಜನರಲ್ಲಿ 83 ಜನ ಸತ್ತರು. ನಿಲ್ಲಿಸಿದ್ದ ಯಂತ್ರಗಳು ಅಂದಾಗ ನನಗೆ ನಮ್ಮ ಪೇವರ್‌ಗಳೇ ಕಣ್ಣಿಗೆ ಬರುತ್ತವೆ. ಅದರೊಳಗೆ ನಮ್ಮ ಹುಡುಗರೂ ಇರುತ್ತಾರೆ.

ಅದಕ್ಕೇ ವಿಮಾನ ಸಂಚಾರ ನಿಯಂತ್ರಿಸುವ ಟವರ್‌ನಿಂದ ಒಪ್ಪಿಗೆ ಬಂದ ತಕ್ಷಣ ಒಂದು ಯಂತ್ರವನ್ನೂ ಒಳಗೆ ಬಿಡುತ್ತಿರಲಿಲ್ಲ. ಮೊದಲು ಎರಡೂ ತುದಿಗೆ ದೀಪದ ದೊಡ್ಡ ಅಡ್ಡಗುರುತು. ಆಮೇಲೆ ಟ್ಯಾಕ್ಸಿವೇಯಿಂದ ಬರುವ ಪ್ರತಿ ದಾರಿಗೂ ತಡೆ. ರನ್‌ವೇ ದೀಪ ಪೂರ್ತಿ ಆರಿದೆಯಾ ಅಂತ ಒಬ್ಬ ಗಾಡಿಯಲ್ಲಿ ಉದ್ದಕ್ಕೂ ಹೋಗಿ ಕಣ್ಣಾರೆ ನೋಡಿ ಬರಬೇಕು. ಇದಕ್ಕೆ 15 ನಿಮಿಷ ಹೋಗುತ್ತದೆ. ಡಾಂಬರಿನ ಲೆಕ್ಕದಲ್ಲಿ 15 ನಿಮಿಷ ಅಂದರೆ ಸುಮಾರು 54 ಟನ್. ಆ 54 ಟನ್ ಹೋದರೆ ಹೋಗಲಿ.

ಡಾಂಬರು ಸುಮಾರು 150 ಡಿಗ್ರಿಯಲ್ಲಿ ಬರುತ್ತದೆ. 90ಕ್ಕೆ ಇಳಿದ ಮೇಲೆ ರೋಲರ್ ಎಷ್ಟು ಓಡಿಸಿದರೂ ಅದು ಸರಿಯಾಗಿ ಗಟ್ಟಿ ಕೂರುವುದಿಲ್ಲ. ಆದರೆ ಬೆಳಿಗ್ಗೆ ತೆರೆಯುವಾಗ ಅದು ಬಿಸಿ ಇರಬಾರದು, ಚಕ್ರ ಒತ್ತಿದರೆ ಗುಳಿ ಬೀಳುತ್ತದೆ. ನಾವು 60 ಡಿಗ್ರಿ ಗಡಿ ಹಾಕಿಕೊಂಡಿದ್ದೆವು. ಸೆಕೆಯ ರಾತ್ರಿಗಳಲ್ಲಿ ನೀರಿನ ಟ್ಯಾಂಕರ್ ತರಿಸಿ ಚಿಮುಕಿಸಬೇಕಾಯಿತು.

ನನ್ನನ್ನು ಜಾಸ್ತಿ ಕಾಡಿದ ರಾತ್ರಿಯಲ್ಲಿ ಮಳೆಯೂ ಇರಲಿಲ್ಲ, ಪ್ಲಾಂಟೂ ಕೆಟ್ಟಿರಲಿಲ್ಲ. ಕಾಣೆಯಾದದ್ದು ಒಂದು ಹಲ್ಲು. ಮಿಲ್ಲಿಂಗ್ ಯಂತ್ರದ ಉರುಳೆಗೆ ನೂರಕ್ಕಿಂತ ಜಾಸ್ತಿ ಉಕ್ಕಿನ ಹಲ್ಲುಗಳಿರುತ್ತವೆ. ಯಂತ್ರ ಒಳಗೆ ಬರುವಾಗ ಎಣಿಸುತ್ತೇವೆ, ಹೋಗುವಾಗ ಮತ್ತೆ ಎಣಿಸುತ್ತೇವೆ. ಆ ರಾತ್ರಿ ಒಂದು ಕಡಿಮೆ ಬಂತು. ಸಮಯ 4:40. ಟಿಪ್ಪರ್ ಜೊತೆ ಹೊರಗೆ ಹೋಗಿರಬಹುದು ಅಂತ ಒಬ್ಬರು ಅಂದರು. ಇರಬಹುದು, ಆದರೆ ಇರಬಹುದು ಅಂತ ಸಹಿ ಹಾಕಲು ಆಗಲ್ಲ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನದ ಟೈರ್ ಒಡೆದದ್ದು ರನ್‌ವೇ ಮೇಲೆ ಬಿದ್ದಿದ್ದ ಅರ್ಧ ಮೀಟರ್‌ಗೂ ಕಡಿಮೆ ಉದ್ದದ ಲೋಹದ ಪಟ್ಟಿಯಿಂದ. ಕೆಲವೇ ನಿಮಿಷ ಮೊದಲು ಹಾರಿದ ಇನ್ನೊಂದು ವಿಮಾನದಿಂದ ಅದು ಕಳಚಿ ಬಿದ್ದಿತ್ತು. ಆ ಕಾಂಕಾರ್ಡ್ ಬಿದ್ದು 113 ಜನ ಹೋದರು. ನಾನು ಟವರ್‌ಗೆ ರೇಡಿಯೋದಲ್ಲಿ ತಡವಾಗುತ್ತದೆ ಅಂತ ಹೇಳಿದೆ. ಪೇವರ್ ಓಡಿಸುವವರು, ರೋಲರ್ ಓಡಿಸುವವರು, ಗೆರೆ ಎಳೆಯುವವರು, ಎಲ್ಲರೂ ಕೈಯಲ್ಲಿ ಟಾರ್ಚ್ ಹಿಡಿದು ಒಂದು ಕೈ ಅಂತರದಲ್ಲಿ ಸಾಲಾಗಿ ನಿಂತು ನಡೆದೆವು. ಹಿಂದೆ ಅಯಸ್ಕಾಂತದ ಪಟ್ಟಿ ಕಟ್ಟಿದ ಗಾಡಿ. ಎರಡನೇ ಸುತ್ತಿನಲ್ಲಿ ಅಂಚಿನ ಒಂದು ದೀಪದ ಬುಡದಲ್ಲಿ ಸಿಕ್ಕಿತು, ಹೆಬ್ಬೆರಳಿನಷ್ಟು ದಪ್ಪ. ರನ್‌ವೇ 18 ನಿಮಿಷ ತಡವಾಗಿ ತೆರೆಯಿತು. ಆ ದಿನ ವಿವರಣೆ ಕೇಳಿ ಪತ್ರ ಬಂತು, ಬರೆದು ಕೊಟ್ಟೆ. ಹಲ್ಲಿನ ಫೋಟೋ ಜೊತೆಗೆ ಇಟ್ಟೆ.

ಮಾರನೆಯ ರಾತ್ರಿಯಿಂದ ಹಲ್ಲನ್ನು ಕೊನೆಗೆ ಎಣಿಸುವುದು ಬಿಟ್ಟೆವು. ಕೆರೆಯುವುದು ಮುಗಿದ ತಕ್ಷಣ, ಪೇವರ್ ಮುಂದೆ ಬರುವ ಮೊದಲೇ ಎಣಿಸುತ್ತಿದ್ದೆವು. ಇದು ಮೊದಲ ದಿನವೇ ಹೊಳೆಯಬೇಕಿತ್ತು. ಗೇಟಿನಲ್ಲಿ ಒಳಗೆ ಹೋದ ಗಾಡಿ, ಜನ, ಸಲಿಕೆ, ಪೊರಕೆ ಎಲ್ಲಕ್ಕೂ ಇದೇ ರೀತಿ ಪಟ್ಟಿ ಮಾಡಿದೆವು.

ಕೊನೆಯ ರಾತ್ರಿ 70 ಮೀಟರ್ ಮಾತ್ರ ಉಳಿದಿತ್ತು. ಹೊಸ ಪದರ ತುದಿಯಲ್ಲಿ ಕಡಿದಿಟ್ಟ ತೋಡಿಗೆ ಇಳಿದು ಹಳೆಯದರ ಜೊತೆ ಒಂದೇ ಮಟ್ಟಕ್ಕೆ ಸೇರಿತು. ಒಬ್ಬ ಹಿರಿಯ ಕೆಲಸಗಾರರು ಅಭ್ಯಾಸದಂತೆ ರ‍್ಯಾಂಪಿನ ಗುರುತು ಹಾಕಲು ದಾರ ಹಿಡಿದುಕೊಂಡು ಬಂದರು. ನಾನು, ಇವತ್ತು ಬೇಡ ಯಜಮಾನ್ರೇ, ಮುಗೀತು ಅಂದೆ. ಅವರು ಸ್ವಲ್ಪ ಹೊತ್ತು ಆ ಸೇರುವ ಗೆರೆಯ ಮೇಲೆ ಚಪ್ಪಟೆಯಾಗಿ ಕೈ ಆಡಿಸಿ ನೋಡಿದರು. ಆಮೇಲೆ ದಾರ ಸುತ್ತಿಕೊಂಡು ಪೊರಕೆ ಹಿಡಿದರು, ಗುಡಿಸುವುದು ಇನ್ನೂ ಬಾಕಿ ಇತ್ತು.