ಬರ ಹಿಂದೆ ಸರಿದ ಮೇಲೆ ಬಂದ ಕವಿ: ಪದಬಂಧದ ಸುಳಿವು ಕಟ್ಟುವುದು ಹೇಗೆ?

ರಾಜ್ಯೋತ್ಸವ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ ಕಡೆ ಶಾಲೆ, ಸಂಘಗಳಲ್ಲಿ ಪದಬಂಧ ಸ್ಪರ್ಧೆಯ ತಯಾರಿ ಶುರುವಾಗುತ್ತದೆ. ಚೌಕ ಚಂದ ಬರೆದಿರುತ್ತಾರೆ, ಕಪ್ಪು ಮನೆಗಳಿಗೆ ಮಸಿಯನ್ನೂ ಒಪ್ಪವಾಗಿ ತುಂಬಿರುತ್ತಾರೆ. ಸುಳಿವು ನೋಡಿದರೆ ‘ಒಂದು ಹೂವು (3)’. ಮೂರಕ್ಷರದ ಹೂವು ಮಲ್ಲಿಗೆಯೂ ಹೌದು, ಸಂಪಿಗೆಯೂ ಹೌದು, ತಾವರೆಯೂ ಹೌದು. ಬಿಡಿಸುವವರು ಯಾವುದೆಂದು ಬರೆಯಬೇಕು? ಇನ್ನು ಕೆಲವರು ‘ಗೆಮಲ್ಲಿ’ ಎಂದು ಅಕ್ಷರ ಕಲಸಿ ಕೊಟ್ಟು ಅದನ್ನೇ ಚಮತ್ಕಾರ ಎಂದುಕೊಳ್ಳುತ್ತಾರೆ. ಅಲ್ಲಿ ಯೋಚಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಒಳ್ಳೆಯ ಸುಳಿವಿನಲ್ಲಿ ಉತ್ತರಕ್ಕೆ ಎರಡು ದಾರಿ ಇರುತ್ತವೆ. ಒಂದು ಅರ್ಥದ್ದು, ಇನ್ನೊಂದು ಅಕ್ಷರದ್ದು. ಎರಡೂ ಒಂದೇ ಪದಕ್ಕೆ ಬಂದು ಮುಟ್ಟಬೇಕು, ಬೇರೆ ಯಾವ ಪದಕ್ಕೂ ಅಲ್ಲ.

ಮೊದಲ ಹಂತ, ಚೌಕ. ಗಣಿತದ ಚೌಕುಳಿ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಹೊಸಬರು ಏಳು ಮನೆ ಉದ್ದ, ಏಳು ಮನೆ ಅಗಲ ದಾಟಬೇಡಿ.

ಎರಡನೆಯದು ಮನೆ ಎಣಿಸುವುದು. ಒತ್ತಕ್ಷರ ತನ್ನ ಅಕ್ಷರದ ಜೊತೆಗೇ ಒಂದು ಮನೆ. ಅನುಸ್ವಾರ ಅದರ ಹಿಂದಿನ ಅಕ್ಷರದ ಮನೆಯಲ್ಲೇ ಇರುತ್ತದೆ. ಹಾಗಾಗಿ ‘ಪದಬಂಧ’ಕ್ಕೆ ನಾಲ್ಕು ಮನೆ, ‘ಗೋಳಗುಮ್ಮಟ’ಕ್ಕೆ ಐದು. ತೊಡಕು ಇರುವುದು ಪದಗಳು ಒಂದನ್ನೊಂದು ದಾಟುವ ಜಾಗದಲ್ಲಿ. ಗುಮ್ಮಟದ ‘ಮ್ಮ’ ಮೇಲಿಂದ ಇಳಿಯುವ ಪದದಲ್ಲೂ ‘ಮ್ಮ’ ಆಗಿಯೇ ಇರಬೇಕು. ‘ಅಮ್ಮ’ ಬಂದೀತು, ‘ಹೆಮ್ಮೆ’ ಬರದು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಕೊಟ್ಟಾಗ ಆತನಿಗೆ ಹೊಂದಿಸಲು ಇದ್ದದ್ದು 26 ಅಕ್ಷರ. ನಮ್ಮಲ್ಲಿ 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತು. ಹೀಗಾಗಿ ಇಂಗ್ಲಿಷ್ ಪತ್ರಿಕೆಯ ಚೌಕ ತಂದು ಕನ್ನಡ ತುಂಬಲು ಹೋದವರು ಅರ್ಧಕ್ಕೇ ಕೈಬಿಡುತ್ತಾರೆ. ಕಪ್ಪು ಮನೆ ಧಾರಾಳವಾಗಿ ಇಡಿ. ಒತ್ತಕ್ಷರ ಇರುವಲ್ಲಿ ದಾಟು ಬರದಂತೆ ನೋಡಿಕೊಳ್ಳಿ. ‘ಇಳಕಲ್’ ಎಂದು ಬರೆದರೆ ಕೊನೆಯ ಮನೆಯಲ್ಲಿ ‘ಲ್’ ಒಂಟಿಯಾಗಿ ನಿಲ್ಲುತ್ತದೆ, ಅಲ್ಲಂತೂ ದಾಟು ಬೇಡವೇ ಬೇಡ.

ಪದಬಂಧ ತಯಾರಿಸಿಕೊಡುತ್ತೇವೆನ್ನುವ ಉಚಿತ ಆ್ಯಪ್‌ಗಳನ್ನು ನಂಬಬೇಡಿ. ಕಂಪ್ಯೂಟರ್ ‘ಮ್ಮ’ವನ್ನು ಮ, ಅರ್ಧಚಿಹ್ನೆ, ಮ ಎಂದು ಮೂರು ತುಂಡಾಗಿ ಇಟ್ಟುಕೊಂಡಿರುತ್ತದೆ. ಅದನ್ನು ಕೂಡಿಸಿ ಓದಲು ಬಾರದ ಆ್ಯಪ್ ಗುಣಿತದ ಚಿಹ್ನೆಗೂ ಒಂದು ಮನೆ ಕೊಟ್ಟುಬಿಡುತ್ತದೆ.

ಇನ್ನು ಮೂರನೆಯ ಹಂತ, ಸುಳಿವು. ಬಹುತೇಕರು ಎಡವುವುದು ಇಲ್ಲಿಯೇ. ಎಲ್ಲಕ್ಕಿಂತ ಸುಲಭದ್ದು ತಿರುವು. ‘ದಾಸ ಮರಳಿ ಬಂದ, ಯಾವಾಗಲೂ (2)’. ದಾ, ಸ ಇವೆರಡನ್ನು ಹಿಂದುಮುಂದು ಮಾಡಿದರೆ ‘ಸದಾ’. ಇದೇ ರೀತಿ ದಿನ ಹೊರಳಿದರೆ ನದಿ, ಕಪಿ ಹೊರಳಿದರೆ ಪಿಕ. ‘ಮರಳಿ’, ‘ಹೊರಳಿ’ ಎನ್ನುವಂಥ ಸೂಚನೆ ಸುಳಿವಿನಲ್ಲಿ ಇರಲೇಬೇಕು. ಮೇಲಿನಿಂದ ಕೆಳಕ್ಕೆ ಬರೆಯುವ ಪದವಾದರೆ ‘ಮೇಲೇರಿ’ ಎನ್ನುವುದೇ ಸರಿ.

ಕೂಡಿಸುವ ಬಗೆಗೆ ನಮ್ಮ ಊರ ಹೆಸರುಗಳಷ್ಟು ಒಳ್ಳೆಯ ಸಾಮಗ್ರಿ ಇಲ್ಲ. ‘ಆಕಳ ಹಿಂದೆ ಕಾಗೆ ಹಾರಿದ ಕರದಂಟಿನ ಊರು (3)’: ಆಕಳು ಎಂದರೆ ಗೋ, ಕಾಗೆ ಎಂದರೆ ಕಾಕ, ಗೋಕಾಕ. ‘ಅರ್ಧ ಐದು, ಮುಂದೆ ನದಿ: ಗುಡಿಗಳ ಊರು (3)’: ‘ಐದು’ ಪದದ ಅರ್ಧ ‘ಐ’, ನದಿ ಎಂದರೆ ಹೊಳೆ, ಐಹೊಳೆ.

ಎರಡರ್ಥದ ಸುಳಿವು ನನಗೆ ಬಹಳ ಇಷ್ಟ. ‘ಚಾಲುಕ್ಯರ ರಾಜಧಾನಿಯಲ್ಲಿ ಒಣಹಣ್ಣು (3)’ ಅಂದರೆ ಬಾದಾಮಿ. ‘ಓದಿ ತಿಳಿದುಕೋ, ಶೂರ (2)’ ಅಂದರೆ ಕಲಿ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯಲ್ಲಿ ‘ಕಲಿ’, ‘ಕಲಿಯುಗ’ ಎರಡೂ ಒಂದರ ಪಕ್ಕ ಒಂದು ಕೂತಿವೆ. ಶಬ್ದದ ಈ ಆಟ ಕನ್ನಡಕ್ಕೆ ಪತ್ರಿಕೆಗಳಿಂದ ಬಂದದ್ದಲ್ಲ. ತ್ರಿಪದಿಯಷ್ಟೇ ಹಳೆಯದು.

ಈಗ ಒಂದು ಸುಳಿವನ್ನು ಮೊದಲಿನಿಂದ ಕಟ್ಟೋಣ. ಉತ್ತರ ‘ರಬಕವಿ’. ಕೊನೆಯ ಎರಡು ಮನೆಯಲ್ಲಿ ‘ಕವಿ’ ತಾನೇ ಸಿಕ್ಕಿತು. ಉಳಿದ ‘ರಬ’ಕ್ಕೆ ಅರ್ಥವಿಲ್ಲ, ತಿರುಗಿಸಿದರೆ ‘ಬರ’. ಅರ್ಥದ ದಾರಿಗೆ ಮಗ್ಗದ ಊರು. ಸಾಮಾನು ಇಷ್ಟೇ. ಇದನ್ನು ಕೊಟ್ಟರೆ ಹೆಚ್ಚಿನವರು ಬರೆಯುವುದು ಹೀಗೆ: ‘ಬರವನ್ನು ತಿರುಗಿಸಿ ಕವಿಯನ್ನು ಸೇರಿಸಿದರೆ ನೇಕಾರರ ಊರು’. ಇದರಲ್ಲಿ ಎರಡು ತಪ್ಪುಗಳಿವೆ. ತಿರುಗಿಸಬೇಕಾದ್ದು ‘ಬರ’, ಕಾಗದದ ಮೇಲಿರುವುದು ‘ಬರವನ್ನು’. ಸುಳಿವಿನಲ್ಲಿರುವ ಅಕ್ಷರಗಳನ್ನೇ ಬಳಸುವಾಗ ಆ ಪದಕ್ಕೆ ವಿಭಕ್ತಿ ಅಂಟಿರಬಾರದು. ಕನ್ನಡದಲ್ಲಿ ಇದೇ ಕಷ್ಟದ ಕೆಲಸ. ಪದ ಬಾಯಿಗೆ ಬರುವಾಗಲೇ ಪ್ರತ್ಯಯ ಹೊತ್ತು ಬರುತ್ತದೆ. ಅದನ್ನು ಕರ್ತೃವಿನ ಸ್ಥಾನದಲ್ಲಿ ನಿಲ್ಲಿಸಿದರೆ ಪ್ರತ್ಯಯ ಕಳಚುತ್ತದೆ: ‘ಬರ ಸರಿಯಿತು’, ‘ಕವಿ ಬಂದ’. ಗೋಕಾಕದ ಸುಳಿವಿನಲ್ಲಿ ‘ಆಕಳ’ ಎಂದಿದ್ದರೂ ನಡೆಯಿತು, ಏಕೆಂದರೆ ಅಲ್ಲಿ ನಮಗೆ ಬೇಕಿದ್ದದ್ದು ಅದರ ಅರ್ಥ, ಅಕ್ಷರವಲ್ಲ. ಎರಡನೆಯ ತಪ್ಪು, ಅದು ಅಡುಗೆಯ ವಿಧಾನದಂತೆ ಓದಿಸುತ್ತದೆ. ಸುಳಿವು ಮೇಲ್ನೋಟಕ್ಕೆ ಯಾರೋ ಆಡಿದ ಮಾತಿನಂತೆ ಇರಬೇಕು:

‘ಬರ ಹಿಂದೆ ಸರಿದ ಮೇಲೆ ಕವಿ ಬಂದ ಮಗ್ಗದ ಊರು (4)’.

ಓದಿದವರಿಗೆ ಮಳೆ ಕಂಡ ಊರೊಂದು ಕಣ್ಣ ಮುಂದೆ ಬರುತ್ತದೆ. ‘ಹಿಂದೆ ಸರಿದ’ ಎಂಬುದು ತಿರುವಿನ ಸೂಚನೆ ಎಂದು ಹೊಳೆಯುವವರೆಗೆ ಅವರು ಆ ಚಿತ್ರದಲ್ಲೇ ಇರುತ್ತಾರೆ. ಹೊಳೆದಾಗ ಪ್ರತಿ ಪದಕ್ಕೂ ಲೆಕ್ಕ ಸಿಗುತ್ತದೆ, ಒಂದೂ ದಂಡವಾಗಿರುವುದಿಲ್ಲ.

ದ-ಧ, ನ-ಣ, ಲ-ಳ ಒಂದೇ ಎಂದು ನಡೆಸಿಬಿಡುವ ಅಭ್ಯಾಸ ಬಿಡಿ. ಬಾಯಿಮಾತಿನಲ್ಲಿ ಹೇಗಾದರೂ ಆಡಿ, ಮನೆಯೊಳಗೆ ಸರಿಯಾದ ಅಕ್ಷರವೇ ಬೇಕು. ಯಾರೂ ಕೇಳಿರದ ಸಂಸ್ಕೃತ ಪದವನ್ನು ನಿಘಂಟಿನಿಂದ ಹೆಕ್ಕಿ ತಂದು ಮನೆ ತುಂಬಿಸುವುದೂ ಬೇಡ. ಆ ಪದ ಬಿಟ್ಟು ಒಂದು ಕಪ್ಪು ಮನೆ ಹೆಚ್ಚಿಗೆ ಹಾಕಿ.

ಕಡೆಯ ಹಂತ, ಪರೀಕ್ಷೆ. ಉತ್ತರ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಸುಮ್ಮನೆ ಕೂತುಕೊಳ್ಳಿ, ಬಾಯಿ ಬಿಡಬೇಡಿ. ಉತ್ತರ ಸಿಕ್ಕ ಮೇಲೂ ಅವರು ‘ಇದು ಹೇಗೆ?’ ಎಂದು ಕೇಳಿದರೆ ಸುಳಿವು ಮತ್ತೆ ಬರೆಯಿರಿ. ಉತ್ತರಗಳನ್ನು ಅಚ್ಚು ಮಾಡುವಾಗ ಪದದ ಜೊತೆ ಅದು ಒಡೆಯುವ ಬಗೆಯನ್ನೂ ಒಂದು ಸಾಲಿನಲ್ಲಿ ಕೊಡಿ. ಕಲಿಯುವವರು ಕಲಿಯುವುದು ಅದನ್ನು ಓದಿಯೇ.

ಅಭ್ಯಾಸಕ್ಕೆ ವಿಜಯಪುರ ಜಿಲ್ಲೆಯದೊಂದು: ‘ಮಂಗಳಸೂತ್ರದ ಪಕ್ಕ ಕಿಲ್ಲೆ, 1565ರ ಕಾಳಗಕ್ಕೆ ಹೆಸರು ಕೊಟ್ಟ ಊರು (4)’.